ನಲವತ್ನಾಲ್ಕು ವರ್ಷ ಕಾದ ಕಾಳು

ನಮ್ಮೂರಿನ ಒಬ್ಬರು ಬೆಂಗಳೂರಿನಲ್ಲಿ ದೊಡ್ಡವರೊಬ್ಬರ ಕಾರು ಓಡಿಸುತ್ತಾರೆ. ಯುಗಾದಿಗೆ ಬಂದಾಗ ಸಾಹುಕಾರರ ಮನೆಯಿಂದ ಒಂದು ಖಾಲಿ ಬಾಟಲಿ ತಂದಿದ್ದರು. ದಪ್ಪ ಗಾಜು, ಮರದ ತಲೆಯ ಬಿರಡೆ. ಮನಿ ಪ್ಲಾಂಟ್ ಇಡಲು ಚಂದ ಕಂಡಿತಂತೆ. ಊರಲ್ಲಿ ಇಂಗ್ಲಿಷ್ ಅಕ್ಷರ ಕಂಡರೆ ನಮ್ಮನ್ನು ಕರೆಯುವುದು ರೂಢಿ. ಬ್ಯಾಂಕಿನ ನೋಟಿಸ್, ಔಷಧಿ ಚೀಟಿ, ಬೆಳೆ ವಿಮೆಯ ಮೆಸೇಜು, ಎಲ್ಲ ನಮ್ಮ ಪಾಲಿಗೇ. "ಇದರಾಗ ಏನ್ ಬರದೈತಿ, ಸ್ವಲ್ಪ ಓದಿ ಹೇಳ್ರಿ" ಅಂದರು.

ಲೇಬಲ್ಲಿನಲ್ಲಿ ಇಷ್ಟಿತ್ತು: ಇನ್ವರ್‌ಗಾರ್ಡನ್. ಸಿಂಗಲ್ ಗ್ರೇನ್ ಸ್ಕಾಚ್ ವಿಸ್ಕಿ. ಬಟ್ಟಿ ಇಳಿಸಿದ್ದು 1972. ವಯಸ್ಸು 44 ವರ್ಷ. ಒಂದೇ ಪೀಪಾಯಿಯದ್ದು. ಕೆಳಗೆ ಬಾಟಲಿಯ ನಂಬರು. ಕಂಪನಿಯ ಹೆಸರು ಮಾತ್ರ ಬೇರೆ, ಇನ್ವರ್‌ಗಾರ್ಡನ್‌ಗೆ ಸಂಬಂಧವಿಲ್ಲದ್ದು.

ಓದಿ ಹೇಳಿದೆವು. "ನಲವತ್ನಾಕು ವರ್ಷ ಅಂದ್ರ ನನಗಿಂತ ದೊಡ್ಡದಾತಲ್ರಿ" ಎಂದು ನಕ್ಕು ಹೋದರು. ನಮಗೆ ಮಾತ್ರ ಎರಡು ವಿಷಯ ತಲೆಯಲ್ಲಿ ಕೂತವು. ಗ್ರೇನ್ ಅಂದರೆ ಕಾಳು, ಯಾವ ಕಾಳು? ಮಾಡಿದವರು ಒಬ್ಬರು, ಹೆಸರು ಹಾಕಿಕೊಂಡವರು ಇನ್ನೊಬ್ಬರು, ಅದು ಹೇಗೆ? ಜಿಲ್ಲಾ ಸ್ಟ್ರಿಂಗರ್ ಆಗಿ ಹತ್ತು ವರ್ಷ ದುಡಿದವರಿಗೆ ಎರಡನೆಯ ಪ್ರಶ್ನೆ ಸುಮ್ಮನೆ ಬಿಡುವಂಥದ್ದಲ್ಲ.

ಮೊದಲೇ ಹೇಳಿಬಿಡುತ್ತೇವೆ, ಕುಡಿಯುವುದು ಒಳ್ಳೆಯದು ಎನ್ನಲು ಇದನ್ನು ಬರೆಯುತ್ತಿಲ್ಲ. ನಮ್ಮ ಮನೆಯಲ್ಲಿ ಹಾಗೆ ಹೇಳುವ ಧೈರ್ಯವೂ ಯಾರಿಗೂ ಇಲ್ಲ. ಆ ಮಾತು ಮುಂದೆ ಬರುತ್ತದೆ.

ಸ್ಕಾಚ್‌ನಲ್ಲಿ ಎರಡು ಮೂಲ ಜಾತಿ. ಮಾಲ್ಟ್ ಅಂದರೆ ಮೊಳಕೆ ಬರಿಸಿ ಒಣಗಿಸಿದ ಜವೆಗೋಧಿ ಮಾತ್ರ, ಬೇರೆ ಕಾಳು ಸೇರುವಂತಿಲ್ಲ. ಅದನ್ನು ತಾಮ್ರದ ಹಂಡೆಯಲ್ಲಿ ಒಂದೊಂದು ಸಲ ತುಂಬಿ, ಕಾಯಿಸಿ, ಇಳಿಸಿ, ತೊಳೆದು, ಮತ್ತೆ ತುಂಬುತ್ತಾರೆ. ನಮ್ಮ ಕಡೆ ಕಳ್ಳಭಟ್ಟಿ ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ, ತತ್ವ ಅದೇ. ಗ್ರೇನ್ ವಿಸ್ಕಿ ಬೇರೆ. ಸ್ವಲ್ಪ ಮೊಳಕೆ ಜವೆಗೋಧಿಯ ಜೊತೆಗೆ ಗೋಧಿಯೋ ಮೆಕ್ಕೆಜೋಳವೋ ಹೆಚ್ಚು ಪಾಲು. ಅದನ್ನು ಇಳಿಸುವುದು ಹಂಡೆಯಲ್ಲಲ್ಲ, ಮಹಡಿಗಟ್ಟಲೆ ಎತ್ತರದ ಎರಡು ಕಂಬಗಳಲ್ಲಿ. ಇಡ್ಲಿ ಪಾತ್ರೆಯ ತಟ್ಟೆಗಳ ಹಾಗೆ ಒಳಗೆ ಒಂದರ ಮೇಲೊಂದು ತೂತಿನ ತಟ್ಟೆ. ಮೇಲಿನಿಂದ ಹುಳಿ ಬಂದ ಗಂಜಿ ಇಳಿಯುತ್ತದೆ, ಕೆಳಗಿನಿಂದ ಹಬೆ ಏರುತ್ತದೆ, ಹಬೆ ಮದ್ಯಸಾರವನ್ನು ಎತ್ತಿಕೊಂಡು ಹೋಗುತ್ತದೆ. ನಿಲ್ಲಿಸಿ ತೊಳೆಯುವ ಗೋಜಿಲ್ಲ. ಗಿರಣಿಗೆ ಕಾಳು ಸುರಿದ ಹಾಗೆ ಸುರಿಯುತ್ತಿರುವುದು, ಅದು ಬರುತ್ತಿರುವುದು.

ಈ ಯಂತ್ರಕ್ಕೆ 1830ರಲ್ಲಿ ಪೇಟೆಂಟ್ ಪಡೆದವರು ಈನಿಯಸ್ ಕಾಫಿ, ಐರ್ಲೆಂಡಿನ ಅಬಕಾರಿ ಅಧಿಕಾರಿ. ಕೆಲಸದಲ್ಲಿದ್ದಾಗ ಕಳ್ಳಭಟ್ಟಿ ಹಿಡಿಯಲು ಹೋಗಿ ಹಳ್ಳಿಯವರ ಕೈಯಲ್ಲಿ ಸಾಯುವಷ್ಟು ಪೆಟ್ಟು ತಿಂದಿದ್ದರು. ಭಟ್ಟಿ ಒಡೆಯುತ್ತ ತಿರುಗಿದ ಮನುಷ್ಯ ಕೊನೆಗೆ ಎಲ್ಲಕ್ಕಿಂತ ದೊಡ್ಡ ಭಟ್ಟಿಯನ್ನು ತಾನೇ ಕಂಡುಹಿಡಿದ! ನಮ್ಮ ತಾಲ್ಲೂಕಿನ ಅಬಕಾರಿ ಇನ್‌ಸ್ಪೆಕ್ಟರರಿಗೆ ಈ ಕಥೆ ಹೇಳಿದಾಗ ಅವರು ಚಹಾ ಕೆಳಗಿಟ್ಟು ನಕ್ಕರು.

ಹಂಡೆಯವರಿಗೆ ಮಾತ್ರ ನಗು ಬರಲಿಲ್ಲ. ಕಂಬದಲ್ಲಿ ಇಳಿಸಿದ್ದು ವಿಸ್ಕಿಯೇ ಅಲ್ಲ ಎಂದು ದೊಡ್ಡ ತಕರಾರು ಎದ್ದಿತು. ಲಂಡನ್ನಿನ ಇಸ್ಲಿಂಗ್ಟನ್ ಎಂಬ ಭಾಗದಲ್ಲಿ ಕೇಸು ನಡೆದು, 1906ರಲ್ಲಿ ಮ್ಯಾಜಿಸ್ಟ್ರೇಟರು ಅದನ್ನು ವಿಸ್ಕಿ ಎಂದು ಮಾರುವಂತಿಲ್ಲ ಎಂದುಬಿಟ್ಟರು. ಆಮೇಲೆ ರಾಯಲ್ ಕಮಿಷನ್ ಕೂತು, 1909ರಲ್ಲಿ ಎರಡೂ ವಿಸ್ಕಿಯೇ ಎಂದು ತೀರ್ಮಾನಿಸಿತು. ಹೆಸರು ಸಿಕ್ಕಿತು, ಮರ್ಯಾದೆ ಸಿಗಲಿಲ್ಲ. ಇವತ್ತಿಗೂ ಗ್ರೇನ್ ವಿಸ್ಕಿಯ ಹೆಚ್ಚು ಪಾಲು ಹೋಗುವುದು ಬ್ಲೆಂಡ್‌ಗೆ, ಅಂದರೆ ಬೆರಕೆಗೆ. ಅಂಗಡಿಯಲ್ಲಿ ಸಿಗುವ ಹೆಸರಾಂತ ಸ್ಕಾಚ್ ಬಾಟಲಿಗಳಲ್ಲಿ ಸಾಮಾನ್ಯವಾಗಿ ಅರ್ಧಕ್ಕಿಂತ ಹೆಚ್ಚು ಗ್ರೇನ್ ವಿಸ್ಕಿಯೇ ಇರುತ್ತದೆ. ಜಾಹೀರಾತಿನಲ್ಲಿ ಮಾತ್ರ ಹೊಳೆ, ಬೆಟ್ಟ, ತಾಮ್ರದ ಹಂಡೆ. ಕಂಬದ ಫೋಟೊ ಯಾರೂ ಹಾಕುವುದಿಲ್ಲ.

ಸ್ಟ್ರಿಂಗರ್ ಬಳಗದವರು ಇಲ್ಲಿ ಸ್ವಲ್ಪ ನಗಬಹುದು. ಪುಟ ತುಂಬಿಸುವುದು ನಮ್ಮ ಮಳೆ, ನಮ್ಮ ಅಪಘಾತ, ನಮ್ಮ ಸಂತೆ ದರ. ಬೈಲೈನ್ ಬರುವುದು ನಗರದಿಂದ ಒಂದು ದಿನಕ್ಕೆ ಬಂದು ಹೋದವರದ್ದು. ನಮ್ಮ ಹಣೆಯ ಮೇಲೆ 'ನಮ್ಮ ಪ್ರತಿನಿಧಿ' ಎಂಬ ಎರಡು ಪದ. ಒಂದು ಪತ್ರಿಕೆ ಎಂಟು ತಿಂಗಳು ಸಂಭಾವನೆ ಕೊಡದೆ, ಕೇಳಿದಾಗ "ಹೆಸರಿದೆಯಾ ತೋರಿಸಿ" ಎಂದಿತ್ತು. ಹೆಸರು ಹಾಕದವರೇ ಹೆಸರು ಕೇಳಿದರು. ಇರಲಿ, ವಿಷಯಕ್ಕೆ ಬರೋಣ.

ಇನ್ವರ್‌ಗಾರ್ಡನ್ ಅನ್ನುವುದು ಮೊದಲು ಊರಿನ ಹೆಸರು. ಸ್ಕಾಟ್ಲೆಂಡಿನ ಉತ್ತರಕ್ಕೆ, ಕ್ರೋಮಾರ್ಟಿ ಎಂಬ ಆಳವಾದ ಕೊಲ್ಲಿಯ ದಂಡೆಯಲ್ಲಿದೆ. ಬ್ರಿಟಿಷ್ ನೌಕಾಪಡೆಯ ಹಡಗುಗಳು ಅಲ್ಲಿ ತಂಗುತ್ತಿದ್ದವು. 1931ರ ಸೆಪ್ಟೆಂಬರಿನಲ್ಲಿ ಸರ್ಕಾರ ಸಂಬಳ ಕಡಿತ ಮಾಡಿತು. ಕೆಳದರ್ಜೆಯ ಎಷ್ಟೋ ನಾವಿಕರಿಗೆ ನಾಲ್ಕು ಶಿಲ್ಲಿಂಗಿನ ದಿನಗೂಲಿಯಲ್ಲಿ ಒಂದು ಶಿಲ್ಲಿಂಗ್ ಹೋಗುವುದಿತ್ತು. ಅದು ಬಹಳ ಜನಕ್ಕೆ ತಿಳಿದದ್ದು ಪತ್ರಿಕೆ ಓದಿ! ಎರಡು ದಿನ ನಾವಿಕರು ಹಡಗು ಹೊರಡಿಸಲಿಲ್ಲ. ಪೇಟೆಯಲ್ಲಿ ಗಾಬರಿ ಎದ್ದು, ಅದೇ ತಿಂಗಳು ಬ್ರಿಟನ್ನು ಪೌಂಡಿಗೆ ಕಟ್ಟಿದ್ದ ಚಿನ್ನದ ಗಂಟನ್ನೇ ಬಿಚ್ಚಬೇಕಾಯಿತು. ಕಡಿತವನ್ನೂ ಶೇ. 10ಕ್ಕೆ ಇಳಿಸಿದರು. ಮುಂದಾಳುಗಳನ್ನು ಕೆಲಸದಿಂದ ತೆಗೆದರು, ಅದು ಎಲ್ಲ ಕಡೆ ಇದ್ದದ್ದೇ.

1956ರಲ್ಲಿ ನೌಕಾಪಡೆ ಅಲ್ಲಿನ ನೆಲೆ ಮುಚ್ಚಿತು. ಊರಿಗೆ ಊರೇ ಕೆಲಸ ಹುಡುಕುವ ಹೊತ್ತಿನಲ್ಲಿ ಡಿಸ್ಟಿಲರಿಯ ಯೋಜನೆ ಬಂತು, 1961ರಿಂದ ವಿಸ್ಕಿ ಇಳಿಯತೊಡಗಿತು. ಬೆಟ್ಟದ ತೊರೆ, ಹಳೆ ಕಲ್ಲಿನ ಕಟ್ಟಡ ಅಂತೆಲ್ಲ ಏನಿಲ್ಲ. ಊರಿಗೆ ಅನ್ನ ಕೊಡಲು ಕಟ್ಟಿದ ಕಾರ್ಖಾನೆ. 1971ರಲ್ಲಿ ಪಕ್ಕದಲ್ಲೇ ದೊಡ್ಡ ಅಲ್ಯುಮಿನಿಯಂ ಕಾರ್ಖಾನೆಯೂ ಶುರುವಾಯಿತು, ಹತ್ತೇ ವರ್ಷಕ್ಕೆ, 1981ರ ಕೊನೆಗೆ ಮುಚ್ಚಿತು, ನೂರಾರು ಮನೆಯ ಒಲೆ ತಣ್ಣಗಾಯಿತು. ಡಿಸ್ಟಿಲರಿ ಮಾತ್ರ ಉಳಿಯಿತು. ಆ ಬಾಟಲಿಯೊಳಗೆ ಇದ್ದದ್ದು 1972ರದ್ದು, ಊರಿನಲ್ಲಿ ಎರಡೂ ಚಿಮಣಿ ಹೊಗೆಯಾಡುತ್ತಿದ್ದ ಕಾಲದ್ದು.

ಯಾವ ಕಾಳು ಎಂದು ಕೇಳಿದ್ದೆವಲ್ಲ. ಆ ಕಾಲದಲ್ಲಿ ಸ್ಕಾಟ್ಲೆಂಡಿನ ಗ್ರೇನ್ ಡಿಸ್ಟಿಲರಿಗಳು ಹೆಚ್ಚಾಗಿ ಬಳಸುತ್ತಿದ್ದದ್ದು ಹೊರದೇಶದಿಂದ, ಮುಖ್ಯವಾಗಿ ಅಮೆರಿಕದಿಂದ ಬಂದ ಮೆಕ್ಕೆಜೋಳ. ನಮ್ಮ ರಾಣೇಬೆನ್ನೂರು ಕಡೆ ಗೋವಿನಜೋಳ ಅನ್ನುತ್ತೇವಲ್ಲ, ಅದೇ. 1980ರ ದಶಕದಲ್ಲಿ ಅದು ದುಬಾರಿಯಾಗಿ ಬಹುತೇಕರು ಗೋಧಿಗೆ ಹೊರಳಿದರು.

ಗೋವಿನಜೋಳ ಅಂದ ಕೂಡಲೇ ನಾವು ಲೆಕ್ಕಕ್ಕೆ ಕೂತೆವು. ಒಂದು ಕ್ವಿಂಟಲ್ ಗೋವಿನಜೋಳದಿಂದ ಸುಮಾರು 38 ಲೀಟರ್ ಶುದ್ಧ ಮದ್ಯಸಾರ ಬರುತ್ತದೆ. 2025-26ಕ್ಕೆ ಕೇಂದ್ರ ಘೋಷಿಸಿದ ಬೆಂಬಲ ಬೆಲೆ ಕ್ವಿಂಟಲ್‌ಗೆ 2,400 ರೂಪಾಯಿ. ಆ ದರ ಎಷ್ಟು ಜನರ ಕೈಗೆ ಸಿಕ್ಕಿತು ಎಂಬುದು ಓದುವ ನಿಮಗೇ ಗೊತ್ತು. ಆದರೂ ಅದನ್ನೇ ಹಿಡಿಯೋಣ. ನೀರು ಬೆರೆಸಿ ಶೇ. 40ಕ್ಕೆ ತಂದರೆ 95 ಲೀಟರ್, 700 ಮಿಲಿಯ ಸುಮಾರು 135 ಬಾಟಲಿ. ಬಾಟಲಿಗೆ ಕಾಳಿನ ಖರ್ಚು 18 ರೂಪಾಯಿ. ಪೀಪಾಯಿಯಲ್ಲಿ ನಲವತ್ನಾಲ್ಕು ವರ್ಷ ಆರಿಹೋದದ್ದನ್ನೂ ಸೇರಿಸಿ ನೋಡಿದರೆ ಬಾಟಲಿಗೆ ನೂರು ರೂಪಾಯಿಯ ಕಾಳೂ ಆಗುವುದಿಲ್ಲ. ಅಂಥ ಬಾಟಲಿ ಮಾರಾಟವಾಗುವುದು ಕೆಲವು ನೂರು ಪೌಂಡಿಗೆ. ಅಷ್ಟೇ ವಯಸ್ಸಿನ ಮಾಲ್ಟ್ ಆದರೆ ಸಾವಿರಗಟ್ಟಲೆ. ಸ್ಕಾಚ್ ಬಲ್ಲವರು ಹಳೆಯ ಗ್ರೇನ್ ಅನ್ನು 'ಅಗ್ಗ' ಅನ್ನುವುದು ಈ ಲೆಕ್ಕದಲ್ಲಿ!

ಉಳಿದ ದುಡ್ಡು ಯಾವುದಕ್ಕೆ? ಕಾಯುವುದಕ್ಕೆ.

ಸ್ಕಾಟ್ಲೆಂಡಿನ ಕಾನೂನು ಪ್ರಕಾರ ಓಕ್ ಮರದ ಪೀಪಾಯಿಯಲ್ಲಿ, ಆ ದೇಶದಲ್ಲೇ, ಕನಿಷ್ಠ ಮೂರು ವರ್ಷ ಇಡಬೇಕು. ಪೀಪಾಯಿ 700 ಲೀಟರಿಗಿಂತ ದೊಡ್ಡದಿರಬಾರದು. ನೀರು ಮತ್ತು ಬಣ್ಣಕ್ಕೆ ಸುಟ್ಟ ಸಕ್ಕರೆ ಬಿಟ್ಟು ಏನೂ ಸೇರಿಸುವಂತಿಲ್ಲ. ಬಾಟಲಿ ಮೇಲೆ ವಯಸ್ಸು ಬರೆದರೆ ಅದರೊಳಗಿನ ಅತಿ ಎಳೆಯ ಹನಿಯ ವಯಸ್ಸು ಬರೆಯಬೇಕು. ಹಳೆಯದಕ್ಕೆ ಹೊಸದನ್ನು ಬೆರೆಸಿ ಹಳೆಯ ಲೆಕ್ಕ ಹೇಳುವಂತಿಲ್ಲ.

ಇಟ್ಟಲ್ಲಿ ಅದು ಸುಮ್ಮನಿರುವುದಿಲ್ಲ. ಮರದ ಮೂಲಕ ವರ್ಷಕ್ಕೆ ಶೇ. 2ರಷ್ಟು ಆರಿಹೋಗುತ್ತದೆ. ಅದಕ್ಕೆ ಅಲ್ಲಿಯವರು ದೇವದೂತರ ಪಾಲು ಅನ್ನುತ್ತಾರೆ. 250 ಲೀಟರಿನ ಪೀಪಾಯಿ ನಲವತ್ನಾಲ್ಕು ವರ್ಷದ ಹೊತ್ತಿಗೆ ನೂರು ಲೀಟರ್ ಚಿಲ್ಲರೆಗೆ ಇಳಿಯುತ್ತದೆ. ನೂರೈವತ್ತು ಬಾಟಲಿಯೂ ತುಂಬುವುದಿಲ್ಲ. ಮದ್ಯಸಾರವೂ ಇಳಿಯುತ್ತ ಹೋಗುತ್ತದೆ, ಶೇ. 40ಕ್ಕಿಂತ ಕೆಳಗೆ ಹೋದರೆ ಅದು ಸ್ಕಾಚ್ ಅಲ್ಲ. ಇನ್ನೂ ಸ್ವಲ್ಪ ಕಾಯೋಣ ಎಂದವರು ಎಲ್ಲ ಕಳೆದುಕೊಳ್ಳಬಹುದು. ಹತ್ತಿಯನ್ನು ದರ ಏರಲಿ ಎಂದು ಮನೆಯಲ್ಲೇ ಇಟ್ಟುಕೊಂಡವರಿಗೆ ಈ ಹೊಟ್ಟೆಸಂಕಟ ಗೊತ್ತು.

ನಮ್ಮ ಸೆಕೆಯಲ್ಲಿ ಈ ಆಟ ನಡೆಯುವುದಿಲ್ಲ. ಬೆಂಗಳೂರಿನ ಅಮೃತ್ ಡಿಸ್ಟಿಲರೀಸ್ 2004ರಲ್ಲಿ ಗ್ಲಾಸ್ಗೋ ನಗರದಲ್ಲೇ ತಮ್ಮ ಸಿಂಗಲ್ ಮಾಲ್ಟ್ ಬಿಡುಗಡೆ ಮಾಡಿದವರು. ಅವರ ಪೀಪಾಯಿಗಳಲ್ಲಿ ವರ್ಷಕ್ಕೆ ಶೇ. 10ರಿಂದ 12ರಷ್ಟು ಆರುತ್ತದೆ. ಶೇ. 11 ಎಂದು ಹಿಡಿದು ಲೆಕ್ಕ ಹಾಕಿದರೆ 200 ಲೀಟರಿನಲ್ಲಿ ಹತ್ತು ವರ್ಷಕ್ಕೆ ಉಳಿಯುವುದು 62 ಲೀಟರ್, ನಲವತ್ನಾಲ್ಕು ವರ್ಷಕ್ಕೆ ಒಂದು ಲೀಟರ್ ಚಿಲ್ಲರೆ. ಅವರ ಒಂದು ದುಬಾರಿ ಬಾಟಲಿಗೆ 'ಗ್ರೀಡಿ ಏಂಜಲ್ಸ್' ಎಂದೇ ಹೆಸರಿಟ್ಟಿದ್ದಾರೆ. ಅತಿಯಾಸೆಯ ದೇವದೂತರು. ನಮ್ಮ ಕಡೆಯ ದೇವದೂತರಿಗೆ ಬಾಯಾರಿಕೆ ಜಾಸ್ತಿ.

ಈಗ ಹೆಸರಿನ ಪ್ರಶ್ನೆ. ಡಿಸ್ಟಿಲರಿಯವರು ಬೆರಕೆಗೆಂದು ಸಾವಿರಾರು ಪೀಪಾಯಿ ತುಂಬುತ್ತಾರೆ, ಬೇರೆ ಕಂಪನಿಗಳಿಗೆ ಮಾರುತ್ತಾರೆ, ಅದಲು ಬದಲು ಮಾಡಿಕೊಳ್ಳುತ್ತಾರೆ, ನಡುವೆ ದಲ್ಲಾಳಿಗಳೂ ಇದ್ದಾರೆ. ನಮ್ಮ ಎಪಿಎಂಸಿಯ ಅಡತಿ ವ್ಯವಹಾರವನ್ನೇ ನೆನೆಸಿಕೊಳ್ಳಿ. ಹಾಗೆ ಕೈ ಬದಲಾಯಿಸಿದ ಪೀಪಾಯಿಗಳಲ್ಲಿ ಒಂದೊಂದನ್ನು ಆರಿಸಿ ಕೊಂಡು, ತಮ್ಮ ಹೆಸರಿನಲ್ಲಿ ಬಾಟಲಿ ಮಾಡುವವರು ಇದ್ದಾರೆ. ಅವರೇ ಇಂಡಿಪೆಂಡೆಂಟ್ ಬಾಟ್ಲರ್. ಅಬರ್ಡೀನ್‌ನಲ್ಲಿ 1842ರಲ್ಲಿ ಶುರುವಾದ ಕ್ಯಾಡನ್‌ಹೆಡ್, ಎಲ್ಗಿನ್ ಊರಿನಲ್ಲಿ 1895ರಲ್ಲಿ ಕಿರಾಣಿ ಅಂಗಡಿಯಾಗಿ ಶುರುವಾದ ಗಾರ್ಡನ್ ಅಂಡ್ ಮ್ಯಾಕ್‌ಫೇಲ್ ಈ ಕಸುಬಿನ ಹಳೆಯ ಮನೆಗಳು. ಇಂಥವರು ಒಂದು ಪೀಪಾಯಿಗೆ ಇನ್ನೊಂದನ್ನು ಬೆರೆಸದೆ, ಬಹಳ ಸಲ ನೀರೂ ಹಾಕದೆ, ಬಣ್ಣವನ್ನೂ ಹಾಕದೆ ತುಂಬುತ್ತಾರೆ. ಲೇಬಲ್ಲಿನಲ್ಲಿ ಯಾವ ಊರಿನದ್ದು, ಯಾವ ವರ್ಷದ್ದು, ಎಷ್ಟು ಬಾಟಲಿಯಲ್ಲಿ ಇದು ಎಷ್ಟನೆಯದು ಎಂದು ಬರೆಯುತ್ತಾರೆ.

ನಮಗೆ ಇಷ್ಟವಾದದ್ದು ಇದು. ಪೋರ್ಟ್ ಡಂಡಾಸ್ 2010ರಲ್ಲಿ ಮುಚ್ಚಿತು. ಕ್ಯಾಂಬಸ್ 1993ರಲ್ಲಿ, ಎಡಿನ್‌ಬರೋದ ಕ್ಯಾಲೆಡೋನಿಯನ್ 1988ರಲ್ಲಿ, ಕಾರ್ಸ್‌ಬ್ರಿಜ್ 1983ರಲ್ಲಿ. ಎಲ್ಲ ಗ್ರೇನ್ ಡಿಸ್ಟಿಲರಿಗಳೇ. ನಡೆಯುತ್ತಿದ್ದಾಗ ಇವುಗಳ ಹೆಸರು ಕುಡಿಯುವವರಿಗೆ ಬಹುತೇಕ ಗೊತ್ತಿರಲಿಲ್ಲ, ಬೆರಕೆಯಲ್ಲಿ ಕರಗಿಹೋಗುತ್ತಿದ್ದವು. ಮುಚ್ಚಿದ ಮೇಲೆ, ಎಲ್ಲೋ ಗೋದಾಮಿನ ಮೂಲೆಯಲ್ಲಿ ಉಳಿದಿದ್ದ ಪೀಪಾಯಿಗಳನ್ನು ಈ ಬಾಟ್ಲರ್‌ಗಳು ಹುಡುಕಿ ತೆಗೆದು ದಪ್ಪ ಅಕ್ಷರದಲ್ಲಿ ಹೆಸರು ಹಾಕಿದರು. ವ್ಯಾಪಾರವೇ, ಧರ್ಮಕಾರ್ಯವಲ್ಲ. ಆದರೂ ಹೆಸರು ಹಾಕಿದರು.

ಬಾಟಲಿಯಲ್ಲಿ ಕುಡಿಯಲು ಹನಿಯೂ ಇರಲಿಲ್ಲ. ಬಿರಡೆ ತೆಗೆದು ಮೂಸಿ ನೋಡಿದೆವು. ಕೊಬ್ಬರಿ ಮಿಠಾಯಿಯ ವಾಸನೆ, ಹಿಂದೆ ಸ್ವಲ್ಪ ಹೊಸ ಬಾಗಿಲಿಗೆ ಹಚ್ಚಿದ ವಾರ್ನಿಷ್. ಹಳೆಯ ಗ್ರೇನ್ ವಿಸ್ಕಿಗೆ ಈ ಕೊಬ್ಬರಿ ವಾಸನೆ ಬಹಳ ಸಾಮಾನ್ಯವಂತೆ, ಕಾರಣ ಕಾಳಲ್ಲ, ಅಮೆರಿಕದ ಓಕ್ ಮರ. ಅಮೆರಿಕದಲ್ಲಿ ಬೋರ್ಬನ್ ಮಾಡುವವರು ಪ್ರತಿ ಸಲ ಹೊಸ ಪೀಪಾಯಿಯನ್ನೇ ಬಳಸಬೇಕೆಂಬ ನಿಯಮವಿದೆ. ಅವರು ಒಮ್ಮೆ ಬಳಸಿ ಬಿಟ್ಟದ್ದನ್ನು ಸ್ಕಾಟ್ಲೆಂಡಿನವರು ಕೊಳ್ಳುತ್ತಾರೆ. ಗ್ರೇನ್ ವಿಸ್ಕಿ ಹಗುರ, ತನ್ನದೇ ಗದ್ದಲ ಕಡಿಮೆ, ಹಾಗಾಗಿ ಮರ ಹೇಳಿದ್ದನ್ನು ಕೇಳಿಸಿಕೊಳ್ಳುತ್ತದೆ.

ನಾವು ಮೂಸುತ್ತಿದ್ದದ್ದನ್ನು ಚಿಗವ್ವ ನೋಡಿದರು. ಮನೆಯಲ್ಲಿ ಹೆಂಡದ ಬಾಟಲಿ ಕಂಡರೆ ಸಿಡಿಯುವವರು. "ಖಾಲಿ ಐತಿ ಚಿಗವ್ವಾ" ಎಂದು ಮೊದಲೇ ಹೇಳಿ, ನಲವತ್ನಾಲ್ಕು ವರ್ಷದ ಕಥೆ ಹೇಳಿದೆವು. ಅವರು ಬಹಳ ಹೊತ್ತು ಲೇಬಲ್ ನೋಡಿದರು, ಓದಲು ಬರುವುದಿಲ್ಲ. ಆಮೇಲೆ ಹೇಳಿದರು: "ಅಷ್ಟ್ ವರ್ಷ ಮನ್ಯಾಗ ಇಟ್ಕೊಂಡು ಕುಡೀಲಾರದ ಇದ್ರಲ್ಲಪಾ, ಅವರ ಹೇಣ್ತ್ಯಾರು ಪುಣ್ಯಾ ಮಾಡಿರಬೇಕು."

ನಮ್ಮ ಕಾಕಾ ತಂದದ್ದು ಒಂದು ರಾತ್ರಿಯೂ ಉಳಿಯುತ್ತಿರಲಿಲ್ಲ. ಮೊದಲು ಪ್ಯಾಕೆಟ್ ಸಾರಾಯಿ. ಹಲ್ಲಲ್ಲಿ ಮೂಲೆ ಕಚ್ಚಿ ಹರಿದು ಒಂದೇ ಗುಟುಕು. ಖಾಲಿ ಪ್ಯಾಕೆಟ್ಟುಗಳು ಬಸ್ ಸ್ಟ್ಯಾಂಡಿನ ಹಿಂದಿನ ಗಟಾರ ತುಂಬಿರುತ್ತಿದ್ದವು. 2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ನಿಷೇಧವಾಯಿತು. ಆಗ ನಾವು ಕಾಲೇಜು ಹುಡುಗರು. ಊರ ಹೆಂಗಸರು ಅಂಗಡಿಯ ಕದಕ್ಕೆ ಅರಿಶಿಣ ಕುಂಕುಮ ಹಚ್ಚಿ ತೆಂಗಿನಕಾಯಿ ಒಡೆದರು. ಚಿಗವ್ವನೂ ಇದ್ದರು. ಮೂರು ವಾರ ಕಾಕಾ ಮನೆಯಲ್ಲೇ ಇದ್ದರು, ನಡುಗುತ್ತಿದ್ದರು, ಆದರೂ ಉಣ್ಣುತ್ತಿದ್ದರು. ನಾಲ್ಕನೆಯ ವಾರ ಕೈಯಲ್ಲಿ ಚಿಕ್ಕ ಕಾಗದದ ಡಬ್ಬಿ. ಅದರ ಮೇಲೆ 'ವಿಸ್ಕಿ' ಎಂದಿತ್ತು. ಸಾರಾಯಿಗೆ ದಿನಕ್ಕೆ ಆಗುತ್ತಿದ್ದ ಖರ್ಚು ಎರಡರಷ್ಟಾಯಿತು. 2013ರಲ್ಲಿ ಹೊಟ್ಟೆಯಲ್ಲಿ ನೀರು ತುಂಬಿ ತೀರಿಕೊಂಡರು. ವಯಸ್ಸು ನಲವತ್ತಾರು.

ಆ ಡಬ್ಬಿಗಳಲ್ಲಿ ಇರುವುದು ಏನು ಎಂದು ನೀವೂ ಒಮ್ಮೆ ಸಣ್ಣಕ್ಷರ ಓದಿ. ರುಚಿ ವಾಸನೆ ಇಲ್ಲದ ಮದ್ಯಸಾರ, ನೀರು, ಬಣ್ಣ, ವಾಸನೆಗೆ ಏನೋ ಒಂದಿಷ್ಟು. ಆ ಮದ್ಯಸಾರ ಕಬ್ಬಿನ ಕಾಕಂಬಿಯದ್ದಾಗಿದ್ದರೆ ಯುರೋಪಿನಲ್ಲಿ ಅದನ್ನು ವಿಸ್ಕಿ ಎಂದು ಮಾರುವಂತೆಯೇ ಇಲ್ಲ. ವಿಸ್ಕಿ ಅನ್ನಿಸಿಕೊಳ್ಳಲು ಅಲ್ಲಿ ಕಾಳೂ ಬೇಕು, ಕಾಯುವುದೂ ಬೇಕು. ಇಲ್ಲಿ ಹೆಸರೊಂದು ಸಾಕು.

2007 ಅಂದೆವಲ್ಲ, ಆ ವರ್ಷದ ಇನ್ನೊಂದು ಸುದ್ದಿ. ನಮ್ಮೂರ ಸಾರಾಯಿ ಅಂಗಡಿಗೆ ಬೀಗ ಬೀಳುವ ಎರಡು ತಿಂಗಳ ಮೊದಲು, ಮೇ ತಿಂಗಳಲ್ಲಿ, ವಿಜಯ್ ಮಲ್ಯ ಅವರ ಯುನೈಟೆಡ್ ಸ್ಪಿರಿಟ್ಸ್ ಸ್ಕಾಟ್ಲೆಂಡಿನ ವೈಟ್ ಅಂಡ್ ಮ್ಯಾಕೆ ಕಂಪನಿಯನ್ನು 59.5 ಕೋಟಿ ಪೌಂಡಿಗೆ ಕೊಂಡಿತು. ಆ ಕಂಪನಿಯ ಆಸ್ತಿಯಲ್ಲಿ ಇನ್ವರ್‌ಗಾರ್ಡನ್ ಡಿಸ್ಟಿಲರಿಯೂ ಇತ್ತು. ಅಂದರೆ ಏಳು ವರ್ಷ, ಆ ಊರಿನ ಗ್ರೇನ್ ಡಿಸ್ಟಿಲರಿಯ ಒಡೆತನ ನಮ್ಮ ಬೆಂಗಳೂರಿನಲ್ಲಿತ್ತು. ಆಮೇಲೆ ಯುನೈಟೆಡ್ ಸ್ಪಿರಿಟ್ಸ್ ಡಿಯಾಜಿಯೋ ಕೈಗೆ ಹೋಯಿತು. ಸ್ಕಾಚ್‌ನಲ್ಲಿ ಆಗಲೇ ದೊಡ್ಡವರಾಗಿದ್ದ ಅವರಿಗೆ ಇದೂ ಸೇರಿದರೆ ಪೈಪೋಟಿಯೇ ಇರುವುದಿಲ್ಲ ಎಂದು ಬ್ರಿಟನ್ನಿನ ಅಧಿಕಾರಿಗಳು ತಕರಾರು ತೆಗೆದರು. 2014ರಲ್ಲಿ ವೈಟ್ ಅಂಡ್ ಮ್ಯಾಕೆ ಫಿಲಿಪೈನ್ಸ್‌ನ ಎಂಪರಡಾರ್ ಕಂಪನಿಗೆ 43 ಕೋಟಿ ಪೌಂಡಿಗೆ ಮಾರಾಟವಾಯಿತು. ಕೊಂಡದ್ದಕ್ಕಿಂತ 16.5 ಕೋಟಿ ಪೌಂಡ್ ಕಡಿಮೆಗೆ.

1972ರ ಪೀಪಾಯಿ ಆ ಹೊತ್ತಿಗೆ ಯಾರ ಗೋದಾಮಿನಲ್ಲಿತ್ತೋ, ಇದಕ್ಕೆಲ್ಲ ತಲೆ ಕೆಡಿಸಿಕೊಳ್ಳದೆ ಆರುತ್ತ ಕೂತಿತ್ತು. ಮಾಲೀಕರು ಬದಲಾದರೂ ವರ್ಷಕ್ಕೆ ಶೇ. 2 ತಪ್ಪದು.

2025ರ ಜುಲೈ 24ರಂದು ಭಾರತ ಮತ್ತು ಬ್ರಿಟನ್ ವ್ಯಾಪಾರ ಒಪ್ಪಂದಕ್ಕೆ ಸಹಿ ಹಾಕಿದವು. ಸ್ಕಾಚ್ ಮೇಲೆ ಇದ್ದ ಶೇ. 150ರ ಆಮದು ಸುಂಕ ಮೊದಲು 75ಕ್ಕೆ, ಹತ್ತನೆಯ ವರ್ಷಕ್ಕೆ 40ಕ್ಕೆ ಇಳಿಸುವ ಮಾತು ಅದರಲ್ಲಿದೆ. ಅವತ್ತು ಡೆಸ್ಕಿನಿಂದ ಫೋನ್ ಬಂದಿತ್ತು, "ಗ್ರಾಹಕರ ಖುಷಿ" ಅಂತ ಜಿಲ್ಲೆಯಿಂದ ನಾಲ್ಕು ಸಾಲು ಕಳಿಸಿ ಎಂದು. ಬೈಕು ಹತ್ತಿ ಹೊರಟೆವು. ನಮ್ಮ ಹೋಬಳಿಯಲ್ಲಿ ಸ್ಕಾಚ್ ಇಡುವ ಅಂಗಡಿಯೇ ಇಲ್ಲ. ಕೌಂಟರಿನಲ್ಲಿ ಕೂತಿದ್ದ ಹುಡುಗ "ಡಬ್ಬಿ ರೇಟ್ ಏನರ ಇಳಿತೇನ್ರಿ?" ಎಂದು ನಮ್ಮನ್ನೇ ಕೇಳಿದ. ಇಲ್ಲ ಅಂದೆವು.

ವಾಪಸು ಬರುವಾಗ ಪಕ್ಕದೂರಿನ ಹೆಂಗಸರು ದಾರಿಯಲ್ಲಿ ತಡೆದರು. ಶಾಲೆಯ ಗೇಟಿನಿಂದ ಅಳತೆ ಮಾಡಿದರೆ ಅಂಗಡಿ ತೀರಾ ಹತ್ತಿರ ಇದೆ, ಬೇರೆ ಕಡೆ ಹಾಕಿಸಿ ಎಂದು ತಹಶೀಲ್ದಾರರಿಗೆ ಬರೆದ ಅರ್ಜಿ, ಮೂವತ್ತೊಂದು ಹೆಬ್ಬೆಟ್ಟು ಮತ್ತು ಸಹಿ. ನಾವು ನಾಲ್ಕು ಸಾಲಿನ ಬದಲು ಅದನ್ನೇ ನೂರಿಪ್ಪತ್ತು ಪದದಲ್ಲಿ ಬರೆದು, ಫೋಟೊ ಸೇರಿಸಿ ಕಳಿಸಿದೆವು. ಮೂರನೆಯ ದಿನ ಒಳಪುಟದ ಕೆಳಗೆ ಮೂವತ್ತು ಪದ ಬಂತು. ಊರಿನ ಹೆಸರು ಇತ್ತು.